ತಮ್ಮನ ಕಾರಿನ ಹೊಸ ಸೈಲೆನ್ಸರ್

ನನ್ನ ತಮ್ಮ ರಾಣೆಬೆನ್ನೂರಿನಲ್ಲಿ ಹಲ್ಲಿನ ಡಾಕ್ಟರು. ಹೋದ ವರ್ಷ ದುಬಾರಿಯಾದ ವೇಗದ ಕಾರೊಂದನ್ನು ಕೊಂಡ. ಕಂಪನಿ ಕೊಟ್ಟ ವೇಗ ಅವನಿಗೆ ಸಾಲಲಿಲ್ಲ. ಹುಬ್ಬಳ್ಳಿಗೆ ಒಯ್ದು ಸೈಲೆನ್ಸರನ್ನೂ ಏರ್ ಫಿಲ್ಟರನ್ನೂ ಬದಲಿಸಿಕೊಂಡು ಬಂದ. "ಎಂಜಿನ್ ಈಗ ಆರಾಮ ಉಸರಾಡತೈತಿ ಅಕ್ಕಾ" ಎಂದ. ಅದರ ಸದ್ದಿಗೆ ಓಣಿಯ ಕೂಸುಗಳೆಲ್ಲ ಎದ್ದು ಅಳುತ್ತಿದ್ದವು. ಪೇಶಂಟುಗಳ ಕೂಗು ಕೇಳಿ ಕೇಳಿ ಇವನ ಕಿವಿ ಮಂದವಾಗಿರಬೇಕು.

ಅದೇ ಕಾರಿನಲ್ಲಿ ಅವ್ವ, ನಾನು, ಅವನು ಬ್ಯಾಡಗಿಗೆ ಹೆಣ್ಣು ನೋಡಲು ಹೋದೆವು. ಮೆಣಸಿನಕಾಯಿ ಸುಗ್ಗಿ. ಮಾರ್ಕೆಟ್ಟಿನ ಹತ್ತಿರ ಚೀಲ ಹೇರಿದ ಲಾರಿಗಳ ಹಿಂದೆ ಸಿಕ್ಕಿಕೊಂಡೆವು. ಎಂಜಿನ್ ಆರಾಮಾಗಿ ಉಸಿರಾಡಿತು. ನಾವು ಮೂವರೂ ಘಾಟಿಗೆ ಕೆಮ್ಮಿದೆವು.

ನಾವು ಮನೆ ಮುಟ್ಟುವ ಮೊದಲೇ ಹುಡುಗಿಯ ಅಪ್ಪ ರಸ್ತೆಗೆ ಬಂದು ನಿಂತಿದ್ದರು. "ಗಾಡಿ ಕೆಟ್ಟೈತೇನ್ರಿ? ಟ್ರ್ಯಾಕ್ಟರ್ ರಿಪೇರಿ ಮಾಡಾಂವ ಇಲ್ಲೇ ಅದಾನ, ಕರಸ್ತೇನಿ" ಎಂದರು.

ಅವಲಕ್ಕಿಯ ಪ್ಲೇಟು ಹಾಗೇ ಇಟ್ಟುಕೊಂಡು ತಮ್ಮ ಅವರಿಗೆ ಎಂಜಿನ್ನಿನ ಗಾಳಿ, ಹೊಗೆಗಳ ಶಾಸ್ತ್ರ ವಿವರಿಸಿದ. ಎಲ್ಲ ಕೇಳಿದ ಹುಡುಗಿ, "ಹಂಗಾರ ಭಾಳ ಲಗೂ ಬಂದಿರೇನ್ರಿ?" ಎಂದಳು.

"ಎಲ್ಲೀದವ್ವಾ, ನಮ್ಮ ಹಿಂದಿದ್ದ ಬಸ್ಸು ನಮಗಿಂತ ಮೊದಲ ಬಂತು" ಎಂದಳು ಅವ್ವ. ತಮ್ಮ ಅವಳನ್ನು ದುರುಗುಟ್ಟಿ ನೋಡಿದ.

ವಾರದೊಳಗೆ ಫೋನು ಬಂತು. "ಹುಡುಗ ಶಾಣ್ಯಾ ಅದಾನ್ರಿ, ಆದ್ರ ನಮ್ಮ ಹುಡುಗಿಗೆ ಗದ್ದಲ ಒಗ್ಗೂದಿಲ್ಲ" ಎಂದರು.

"ಬ್ಯಾಡಗಿ ಮಂದಿಗೆ ಎಂಜಿನ್ ತಿಳಿಯೂದಿಲ್ಲ" ಎಂದು ತಮ್ಮ ತೀರ್ಮಾನಿಸಿದ. ಈಗ ಹಾವೇರಿಯಲ್ಲೊಂದು ಸಂಬಂಧ ಬಂದಿದೆ. ಅಲ್ಲಿಗೆ ಹೋಗುವ ಮೊದಲು ಇನ್ನೂ ದಪ್ಪನೆಯ ಪೈಪು ಹಾಕಿಸುತ್ತಾನಂತೆ.