ಆರತಿ ಎತ್ತುತ್ತಿದ್ದ ಮುಖ

ಹೊಳೆನರಸೀಪುರದಲ್ಲಿ ಗಂಗಾಂಬಿಕೆ ಯಾರು ಎಂದು ಕೇಳಿದರೆ ಅರ್ಧ ಊರು ತಲೆ ಕೆರೆದುಕೊಳ್ಳುತ್ತದೆ. ಮದುವೆ ಕಾರಿನ ಗಂಗಕ್ಕ ಎಂದರೆ ಮಾತ್ರ ಹೂ ಮಾರುವವಳೂ ಎದ್ದು ಬಂದು ಮನೆ ತೋರಿಸುತ್ತಾಳೆ. ಗಂಡ ಈಶ್ವರಯ್ಯ ತೀರಿಕೊಂಡಾಗ ಅವಳಿಗೆ ಉಳಿದದ್ದು ಎರಡು ಕೋಣೆಯ ಮನೆ ಮತ್ತು ಒಂದು ಬಿಳಿ ಅಂಬಾಸಿಡರ್. ಅವನು ಬದುಕಿದ್ದಾಗಲೇ ಅವಳಿಗೆ ಸ್ಟೇರಿಂಗ್ ಹಿಡಿಸಿದ್ದ. ತನಗೆ ಜ್ವರ ಬಂತೆಂದು ಯಾರ ಮನೆ ಮದುವೆಯೂ ತಡವಾಗಬಾರದು ಎನ್ನುವ ಆಸಾಮಿ ಅವನು.

ಆ ಕಾರು ಬರೀ ಬಾಡಿಗೆ ಕಾರಾಗಿರಲಿಲ್ಲ. ಸುತ್ತಮುತ್ತಲ ಊರಿನ ಮದುವಣಗಿತ್ತಿಯರು ಛತ್ರಕ್ಕೆ ಬರುತ್ತಿದ್ದುದೇ ಅದರಲ್ಲಿ. ಛತ್ರದ ಮುಂದೆ ಕಾರು ನಿಂತ ಕೂಡಲೇ ಹೆಣ್ಣು ಇಳಿಯುವಂತಿಲ್ಲ. ಮೊದಲು ಮುತ್ತೈದೆಯರು ಕಾರಿನ ಎದುರು ಬಂದು, ದುಂಡು ದೀಪಗಳ ನಡುವೆ ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟು ಆರತಿ ಎತ್ತಬೇಕು. ತಾಯಿ ಬಂದ ಕಾರಿನಲ್ಲೇ ಮಗಳೂ ಬರಲಿ ಎಂದು ಹಟ ಹಿಡಿದು ಲಗ್ನದ ದಿನವನ್ನೇ ಹಿಂದೆ ಮುಂದೆ ಮಾಡಿಕೊಂಡ ಮನೆಗಳೂ ಇದ್ದವು.

ಈಶ್ವರಯ್ಯ ಹೋದ ಮೇಲೆ ಗಂಗಾಂಬಿಕೆ ಓಡಿಸಿದ ಮೊದಲ ಮದುವೆಯಲ್ಲೇ ರಾದ್ಧಾಂತವಾಯಿತು. ಆರತಿ ತಟ್ಟೆ ಹಿಡಿದು ಬಂದ ಅಜ್ಜಿಯೊಬ್ಬಳು ಡ್ರೈವರ್ ಸೀಟು ನೋಡಿ ಅಲ್ಲೇ ನಿಂತಳು.

"ಅಯ್ಯೋ ಶಿವನೇ, ತಾಳಿ ಕಳ್ಕೊಂಡೋಳು ಮದ್ವೆ ಹೆಣ್ಣು ಕರ್ಕೊಂಡ್ಬರಾದಾ? ಇಳೀಲಿ ಅವ್ಳು ಮೊದ್ಲು."

ಗಂಗಾಂಬಿಕೆಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕ್ಲಚ್ಚು ತೊಂದರೆ ಕೊಡುತ್ತಿದ್ದುದರಿಂದ ಅವತ್ತು ಜೊತೆಗೆ ಬಂದಿದ್ದವನು ಬೈರಯ್ಯ. ಚನ್ನರಾಯಪಟ್ಟಣದ ಬೈಪಾಸ್ ಪಕ್ಕ ಟಿಂಕರಿಂಗ್ ಶೆಡ್ಡು ಇಟ್ಟುಕೊಂಡವನು, ಈಶ್ವರಯ್ಯನ ಹಳೆಯ ಸ್ನೇಹಿತ. ಅವನು ಕಾರಿನಿಂದ ಇಳಿದು ಅಜ್ಜಿಯ ಎದುರು ನಿಂತ.

"ಅಜ್ಜಿ, ಆರ್ತಿ ಎತ್ತಾದು ಗಾಡಿ ಮುಖಕ್ಕೆ, ಡ್ರೈವರ್ ಮುಖಕ್ಕಲ್ಲ. ಈ ಮುಖ ನೋಡ್ಕೊಂಡು ಬಂದ ಎಷ್ಟು ಎಣ್ಮಕ್ಳು ಚೆಂದಾಗಿ ಬಾಳಾಟ ಮಾಡ್ತಾವ್ರೆ. ನಿಮ್ಮ ಮಗ್ಳೂ ಇದ್ರಲ್ಲೇ ಬಂದಿದ್ದಲ್ವಾ? ಎತ್ತಿ ಎತ್ತಿ, ಒತ್ತಾಯ್ತದೆ."

ಅಜ್ಜಿ ಗೊಣಗುತ್ತಲೇ ಆರತಿ ಎತ್ತಿದಳು. ಆ ಮಾತು ಊರಿಂದೂರಿಗೆ ಹರಡಿತು. ಗಾಡಿ ಮುಖಕ್ಕೆ ತಾನೇ ಆರತಿ, ಯಾರು ಓಡಿಸಿದರೇನು ಎಂದು ಜನವೇ ಹೇಳಿಕೊಂಡು ತಿರುಗಿದರು. ಆ ಮುಖದ ಹಿಂದೆ ಗಂಗಾಂಬಿಕೆ ನಿಶ್ಚಿಂತೆಯಾಗಿ ಕುಳಿತು ಅನ್ನ ದುಡಿದಳು. ಒಡಹುಟ್ಟಿದವರಿಲ್ಲದ ಅವಳು ಅಂದಿನಿಂದ ಬೈರಯ್ಯನನ್ನು ಅಣ್ಣ ಎಂದಳು. ಜಾತಿ ಬೇರೆಯಾದರೂ ಒಕ್ಕಲಿಗರ ಬೈರಯ್ಯ ಪ್ರತಿ ಗೌರಿ ಹಬ್ಬಕ್ಕೂ ತಟ್ಟೆಯಲ್ಲಿ ಸೀರೆ ಇಟ್ಟುಕೊಂಡು ಅವಳ ಮನೆಗೆ ಬರುತ್ತಿದ್ದ. ತವರು ಎಂದರೆ ಅವಳ ಪಾಲಿಗೆ ಆ ತಗಡಿನ ಶೆಡ್ಡೇ ಆಗಿತ್ತು. ಇಷ್ಟು ನಂಬಬಾರದಿತ್ತೇನೋ. ಆದರೆ ನಂಬದೆ ಅಣ್ಣ ಎನ್ನುವುದು ಹೇಗೆ?

ಮದುವೆ ಕಾರುಗಳಿಗೆ ರಿಪೇರಿ ಕಾಲವೆಂದರೆ ಆಷಾಢ. ಲಗ್ನವಿಲ್ಲದ ತಿಂಗಳು, ಕಾರು ಮನೆಯಲ್ಲಿ ನಿಂತು ಮಾಡುವುದಾದರೂ ಏನು? ಈ ವರ್ಷ ಮಡ್‌ಗಾರ್ಡಿನ ಕೆಳಅಂಚು ತುಕ್ಕು ಹಿಡಿದಿತ್ತು. ಗಂಗಾಂಬಿಕೆ ಕಾರನ್ನು ಬೈರಯ್ಯನ ಶೆಡ್ಡಿನಲ್ಲಿ ಬಿಟ್ಟು ಬಸ್ಸು ಹತ್ತಿ ಬಂದಳು. ನಡುವೆ ಒಮ್ಮೆ ಫೋನು ಮಾಡಿದಾಗ ಬೈರಯ್ಯ, "ಈಗ್ಲೇ ಬರಬ್ಯಾಡ ಕಣಮ್ಮ, ನಿಂಗೊಂದು ಖುಷಿ ಸಮಾಚಾರ ಐತೆ" ಎಂದು ನಕ್ಕಿದ್ದ.

ಶ್ರಾವಣ ಹುಟ್ಟಿದ ಮೇಲೆ ಹೋದಳು. ಟಾರ್ಪಾಲು ಹೊದಿಸಿದ ಕಾರಿನ ಸುತ್ತ ಜನ ಸೇರಿಸಿ, ಹಾರ ತಂದಿಟ್ಟುಕೊಂಡಿದ್ದ ಬೈರಯ್ಯ. ಟಾರ್ಪಾಲು ಎಳೆದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಗಂಗಾಂಬಿಕೆ ಹೊಡೆಯಲಿಲ್ಲ. ಬಾಗಿಲು, ಟಾಪು, ಹಿಂಭಾಗ ಎಲ್ಲ ಅವಳದೇ ಅಂಬಾಸಿಡರ್. ಮುಂದೆ ಮಾತ್ರ ಯಾವುದೋ ದೊಡ್ಡ ಸಾಹುಕಾರರ ಜರ್ಮನ್ ಕಾರಿನ ಮೂತಿ. ಅಗಲವಾದ ಗ್ರಿಲ್ಲು, ಓರೆಗಣ್ಣಿನಂಥ ದೀಪಗಳು, ಕೈಯಿಟ್ಟರೆ ಜಾರುವ ನುಣುಪು. ಹೈವೇಯಲ್ಲಿ ಆಕ್ಸಿಡೆಂಟಾಗಿ ಹಿಂಭಾಗ ನಜ್ಜುಗುಜ್ಜಾಗಿದ್ದ ಕಾರಿನದಂತೆ. ಕತ್ತರಿಸಿ, ವೆಲ್ಡಿಂಗ್ ಮಾಡಿ, ಪುಟ್ಟಿ ಹಚ್ಚಿ ಕೂರಿಸಿದ್ದ. ಕೆಲಸವೇನೋ ಕಣ್ಣು ಕುಕ್ಕುವಂತಿತ್ತು.

"ನಮ್ಮ ಅಳೇ ಮುಂಭಾಗ ಎಲ್ಲಣ್ಣ?"

"ಅದೆಲ್ಲಿತ್ತಮ್ಮ! ಬಿಚ್ಚಿ ನೋಡಿದ್ರೆ ಪೂರ್ತಿ ತುಕ್ಕು ತಿಂದು ಜಲ್ಲಡಿ ಆಗ್ಬುಟ್ಟಿತ್ತು. ಗುಜರಿಗೆ ಆಕ್ಬುಟ್ಟೆ. ಅದಕ್ಕೇ ನನ್ನ ತಂಗಿಗೆ ಇಂಥದ್ದು ಯಾರತ್ರಾನೂ ಇರಬಾರ್ದು ಅಂತ ಮಾಡಿವ್ನಿ. ಕಾಸು ಗೀಸು ಅಂದ್ರೆ ಬೈತೀನಿ ನೋಡು."

ಅವಳ ಕಣ್ಣು ತುಂಬಿತು. ಸಂತೋಷಕ್ಕೆ ಎಂದುಕೊಂಡರು ಜನ. ಅವಳು ಅಳುತ್ತಿದ್ದುದು ಹಳೆಯ ಬಾನೆಟ್ಟಿಗಾಗಿ. ಕಾರು ಕೊಂಡ ದಿನ ಈಶ್ವರಯ್ಯ ಬಿಳಿ ಪೇಂಟಿಗೆ ಮೂರು ಬೆರಳು ಅದ್ದಿ, ಬಾನೆಟ್ಟಿನ ಕಪ್ಪು ಒಳಮೈಗೆ ವಿಭೂತಿ ಪಟ್ಟೆ ಎಳೆದಿದ್ದ. "ಒರಗೆ ಬಳ್ದು ಯಾರಿಗ್ ತೋರ್ಸಬೇಕು, ಶಿವ ಇಂಜಿನ್ ಕಾಯ್ಲಿ" ಎಂದಿದ್ದ. ಅದಕ್ಕೂ ಮೊದಲೇ, ಬೇರೆ ಗಾಡಿಯ ಫ್ಯಾನ್ ಬೆಲ್ಟಿಗೆ ಸಿಕ್ಕಿ ಅವನ ನಡುಬೆರಳಿನ ತುದಿ ಹೋಗಿತ್ತು. ಅದಕ್ಕೇ ನಡುವಿನ ಪಟ್ಟೆ ಮಾತ್ರ ತುಂಡು ತುಂಡಾಗಿ ಮೂಡಿತ್ತು. ಗಂಡನ ಕೈಯ ಆ ಗುರುತನ್ನು ಅವಳು ಎಂಜಿನ್ನಿಗೆ ನೀರು ಹಾಕುವಾಗಲೆಲ್ಲ ನೋಡುತ್ತಿದ್ದಳು. ಅದೂ ಗುಜರಿಗೆ ಹೋಯಿತಲ್ಲ ಎಂಬ ಸಂಕಟ. ಆದರೂ ಅಣ್ಣ ಅಷ್ಟು ಆಸೆಪಟ್ಟು ಮಾಡಿರುವಾಗ ಮುಖ ಸಿಂಡರಿಸುವುದೇ? ನುಂಗಿಕೊಂಡು ಹಾರ ಹಾಕಿಸಿಕೊಂಡಳು.

ದಾರಿಯುದ್ದಕ್ಕೂ ಹುಡುಗರು ಬೈಕು ಪಕ್ಕಕ್ಕೆ ತಂದು ಮೊಬೈಲ್ ಹಿಡಿದರು. ಹಿನ್ನೀರಿನಲ್ಲಿ ಪಾಳು ನಿಂತ ಶೆಟ್ಟಿಹಳ್ಳಿ ಚರ್ಚಿನ ಹತ್ತಿರ ಫೋಟೋ ತೆಗೆಸಿಕೊಳ್ಳಲು ಮದುವೆ ಜೋಡಿಗಳು ಕಾರು ಕೇಳಿಕೊಂಡು ಬಂದರು. ಬೈರಯ್ಯನ ಹೆಸರು ಹಾಸನದವರೆಗೂ ಹೋಯಿತು. ಹೆಣ್ಣು ಕರೆತರುವ ಬಾಡಿಗೆ ಮಾತ್ರ ಮೊದಲ ಸಲವೇ ಎಡವಟ್ಟಾಯಿತು. ಆರತಿ ತಟ್ಟೆ ಹಿಡಿದ ಹೆಂಗಸರು ಕಾರಿನ ಮುಂದೆ ಬಂದು ತಬ್ಬಿಬ್ಬಾದರು. ಕುಂಕುಮ ಎಲ್ಲಿಡುವುದು? ಒಬ್ಬಳು ಗ್ರಿಲ್ಲಿಗೆ ಇಟ್ಟದ್ದು ಸಂದಿಯಲ್ಲಿ ಉದುರಿಹೋಯಿತು. ಇನ್ನೊಬ್ಬಳು, "ಇದ್ಯಾವ ಕಾರು? ಅದಲ್ವಲ್ಲ ಇದು" ಎಂದಳು. ಆಮೇಲೆ ಎಲ್ಲರ ಕಣ್ಣೂ ಗಾಜಿನಾಚೆಗೆ, ಬೋಳು ಹಣೆಯ ಗಂಗಾಂಬಿಕೆಯ ಕಡೆಗೆ ಹೋಯಿತು. ಇಷ್ಟು ವರ್ಷ ಯಾರೂ ನೋಡದಿದ್ದುದನ್ನು ಅವತ್ತು ಎಲ್ಲರೂ ನೋಡಿದರು. ಗಂಡಿನ ಕಡೆಯವರು ಹೆಣ್ಣನ್ನು ಬೇರೆ ಕಾರಿಗೆ ಹತ್ತಿಸಿ, ಒಂದು ಸುತ್ತು ಹೊಡೆಸಿ, ಮತ್ತೆ ಬಾಗಿಲಿಗೆ ತಂದು ಆರತಿ ಎತ್ತಿದರು.

ಸುದ್ದಿಗೆ ಕಾಲು ಬೇಕೇ? ಹೆಣ್ಣಿನ ಬಾಡಿಗೆಗಳು ಒಂದೊಂದಾಗಿ ತಪ್ಪಿದವು. ಪಕ್ಕದ ಮನೆಯ ಗುರುಸಿದ್ದಮ್ಮ, "ಆ ಬೈರಯ್ಯ ನಿನ್ನ ಅನ್ನಕ್ಕೆ ಮಣ್ಣಾಕವ್ನೆ ಕಣೇ" ಎಂದರೆ ಗಂಗಾಂಬಿಕೆ ಅವಳ ಮೇಲೇ ಹರಿಹಾಯ್ದಳು. "ನಮ್ಮಣ್ಣ ಪ್ರೀತಿಗೆ ಮಾಡಿದ್ದು. ಅವನ ಸುದ್ದಿ ಎತ್ತಬ್ಯಾಡ."

ಮತ್ತೆ ಸಿಕ್ಕಿದ ಮದುವೆ ಅರಕಲಗೂಡಿನದು, ಅದೂ ಫೋಟೋದವರನ್ನು ಕರೆದೊಯ್ಯುವ ಬಾಡಿಗೆ. ಛತ್ರದ ಎದುರು ನಿಂತಿದ್ದಾಗ ಹೆಣ್ಣನ್ನು ಹೊತ್ತ ಕೆನೆಬಣ್ಣದ ಅಂಬಾಸಿಡರ್ ಬಂತು. ಹಳೆ ಕಾರುಗಳ ಶೋಕಿಯಿರುವ ಹಾಸನದ ಹೋಟೆಲ್ ಮಾಲೀಕನೊಬ್ಬನದು. ಮುತ್ತೈದೆಯರು ಮುಗಿಬಿದ್ದು ಬಾನೆಟ್ಟಿಗೆ ಕುಂಕುಮವಿಟ್ಟು ಆರತಿ ಎತ್ತಿದರು. ಹೆಣ್ಣು ಇಳಿದು ಒಳಗೆ ಹೋಗುತ್ತಿದ್ದಂತೆ ಕಾರು ಹಬೆಯುಗುಳಿತು, ರೇಡಿಯೇಟರ್ ಕುದಿದಿತ್ತು. ಡ್ರೈವರು ಪೇಚಾಡುವುದನ್ನು ನೋಡಲಾರದೆ ಗಂಗಾಂಬಿಕೆ ತನ್ನ ನೀರಿನ ಕ್ಯಾನು ಹಿಡಿದು ಹೋದಳು.

ಅವನು ಬಾನೆಟ್ ಎತ್ತಿದ. ಒಳಮೈಯಲ್ಲಿ ಮೂರು ಬಿಳಿ ಪಟ್ಟೆ. ನಡುವಿನದು ತುಂಡು ತುಂಡು.

ನೀರಿನ ಕ್ಯಾನು ಅವಳ ಕೈಯಲ್ಲೇ ಉಳಿಯಿತು. ಹೊರಗೆ ಕೆನೆಬಣ್ಣ ಬಳಿದವನು ಒಳಗೆ ಯಾರು ನೋಡುತ್ತಾರೆ ಎಂದು ಬಿಟ್ಟಿದ್ದ. ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಅವಳು ಕೈ ಚಾಚಿ ನಡುವಿನ ಪಟ್ಟೆಯನ್ನು ಮುಟ್ಟಿದಳು.

"ಬಿಸಿ ಐತೆ ಕಣಕ್ಕ, ಸುಟ್ಕತೀಯ" ಎಂದ ಡ್ರೈವರು.

"ಈ ಮುಂಭಾಗ ಎಲ್ಲಿ ಸಿಕ್ತಪ್ಪ ನಿಮ್ ಸಾಹೇಬ್ರಿಗೆ?"

"ಚನ್ನರಾಯಪಟ್ಟಣದ ಬೈರಯ್ಯ ಕೊಟ್ಟಿದ್ದು. ಇಂಥ ಒರಿಜಿನಲ್ ಮೂತಿಗೆ ನಮ್ ಸಾಹೇಬ್ರು ಸುತ್ತದೇ ಇರೋ ಊರಿಲ್ಲ. ಅವರ ಆಕ್ಸಿಡೆಂಟ್ ಗಾಡಿ ಮುಂಭಾಗಾನೂ ಕೊಟ್ಟು, ಮೇಲೆ ಚೆನ್ನಾಗಿ ದುಡ್ಡೂ ಕೊಟ್ಟು ತಗಂಡ್ರು. ಯಾವ್ದೋ ಗುಜರಿ ಗಾಡಿದಂತೆ."

ಆ ಟಾರ್ಪಾಲು, ಆ ಹಾರ, ಆ ಚಪ್ಪಾಳೆ, ಕಾಸು ಕೊಟ್ಟರೆ ಬೈಯುತ್ತೇನೆಂಬ ಆ ದೊಡ್ಡ ಮಾತು. ಕಳ್ಳನಾಗಿದ್ದರೆ ಕದ್ದುಕೊಂಡು ಹೋಗುತ್ತಿದ್ದ. ಇವನು ಕದ್ದು, ಹಾರ ಹಾಕಿ, ಅವಳಿಂದಲೇ ಉಪಕಾರ ಎನ್ನಿಸಿಕೊಂಡಿದ್ದ. ಫೋಟೋದವರನ್ನು ವಾಪಸು ಬಿಟ್ಟವಳೇ ಚನ್ನರಾಯಪಟ್ಟಣಕ್ಕೆ ಕಾರು ತಿರುಗಿಸಿದಳು.

ಬೈರಯ್ಯ ಸುಳ್ಳು ಹೇಳುವ ಗೋಜಿಗೂ ಹೋಗಲಿಲ್ಲ. ಎರಡು ಟೀ ತರಿಸಿದ. "ಒಂದು ತಗಡು ಓಗಿ ಇನ್ನೊಂದು ತಗಡು ಬಂತು. ನಿಂಗೇನಮ್ಮ ಲಾಸು? ಅದಕ್ಕಿಂತ ಹತ್ತು ಪಟ್ಟು ಬೆಲೆಬಾಳೋದ್ನ ಆಕ್ಕೊಟ್ಟಿವ್ನಿ."

"ಆರ್ತಿ ಎತ್ತಾದು ಗಾಡಿ ಮುಖಕ್ಕೆ ಅಂದಿದ್ದು ನೀನೇ ಅಣ್ಣ. ಆ ಮುಖಾನೇ ಮಾರ್ಬುಟ್ಯಲ್ಲ. ಇವಾಗ ಎಲ್ರೂ ನನ್ನ ಮುಖ ನೋಡ್ತಾವ್ರೆ."

ಬೈರಯ್ಯ ನಕ್ಕುಬಿಟ್ಟ. ಕೆಟ್ಟ ನಗೆಯೂ ಅಲ್ಲ, ಮಕ್ಕಳ ಮಾತಿಗೆ ನಗುವ ಹಾಗೆ. "ಅಯ್ಯೋ, ಅದ್ನ ಇನ್ನೂ ಇಡ್ಕೊಂಡಿದೀಯಾ? ಅವತ್ತು ಮುದುಕಿ ಬಾಯಿ ಮುಚ್ಚಿಸಬೇಕಿತ್ತು, ಬಾಯಿಗ್ ಬಂದಿದ್ದು ಅಂದೆ. ತಗಡಿಗೆ ಎಂಥಾ ಮುಖಾಮ್ಮ?"

ಬಾನೆಟ್ಟು ಹೋದ ನೋವಷ್ಟೇ ಆಗಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಅವಳು ಇಷ್ಟು ಕಾಲ ಬದುಕಿದ್ದೇ ಆ ಒಂದು ಮಾತಿನ ನೆರಳಿನಲ್ಲಿ. ಅವನನ್ನು ಅಣ್ಣ ಎಂದದ್ದೂ ಆ ಮಾತಿಗೇ. ಅದೇ ಬಾಯಿಗೆ ಬಂದದ್ದೆಂದರೆ ಉಳಿದದ್ದೇನು? ಅವಳು ಟೀ ಮುಟ್ಟದೆ ಎದ್ದು ಬಂದಳು.

ಗೌರಿ ಹಬ್ಬ ಬಂತು. ಬೈರಯ್ಯ ಏನೂ ಆಗಿಲ್ಲವೆಂಬಂತೆ ಬಿಳಿ ಶರಟು ತೊಟ್ಟು, ತಟ್ಟೆಯಲ್ಲಿ ಸೀರೆ ಹೂವು ಹಣ್ಣು ಇಟ್ಟುಕೊಂಡು ಹೊಸ್ತಿಲಾಚೆ ನಿಂತ. ಜಗಲಿಯ ಪಕ್ಕ ಓರೆಗಣ್ಣಿನ ಕಾರು ನಿಂತಿತ್ತು. ಗಂಗಾಂಬಿಕೆ ಬಾಗಿಲಿಗೆ ಬಂದಳು.

"ಕೋಪ ಬುಡಮ್ಮ. ಅಬ್ಬದ ದಿನ ಒಳಕ್ಕೂ ಕರೀದಂಗೆ ನಿಂತ್ಕಂಡಿದೀಯಲ್ಲ."

ಅವಳು ತಟ್ಟೆಯನ್ನು ನೋಡಿದಳು, ಆಮೇಲೆ ಅವನನ್ನು. ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ.

"ಕರೀತಿದ್ದೆ. ಏನಂತ ಕರೀಲಿ ನಿನ್ನ?"

ಬೈರಯ್ಯ ಜಗಲಿಯ ಪಕ್ಕದ ಕಾರಿನ ಕಡೆ ನೋಡಿದ. ತಟ್ಟೆ ಹಿಡಿದುಕೊಂಡೇ ಬೈಕಿನ ಕಡೆಗೆ ನಡೆದ.