ಕಾಕ್ಕನಾಡಿನಲ್ಲಿ ಹುಲಿ

ಆ ಫೋನ್ ಕರೆ ನನಗೆ ನೆನಪಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಅದರ ಬಗ್ಗೆ ಬರೆಯುವುದೆಲ್ಲ ಬೇರೆಯವರಿಂದ ಕೇಳಿದ್ದು. ಹೆಂಡತಿ ಅದನ್ನು ಒಂದು ರೀತಿ ಹೇಳುತ್ತಾಳೆ, ಮಗಳು ಇನ್ನೊಂದು ರೀತಿ. ಎರಡನ್ನೂ ಕೇಳಿ ಕೇಳಿ ನನ್ನೊಳಗೆ ಮೂರನೆಯದೊಂದು ಬೆಳೆದುಕೊಂಡಿದೆ. ಅದರಲ್ಲಿ ನಾನು ತಿರುವನಂತಪುರದ ಚಾಲೈ ಪೇಟೆಯಲ್ಲಿ, ನಮ್ಮ ಬ್ಯಾಂಕ್ ಶಾಖೆಯ ಮೆಟ್ಟಿಲ ಮೇಲೆ ಕೂತು ಫೋನ್ ಹಿಡಿದಿದ್ದೇನೆ. ಹೊರಗೆ ಮಳೆ. ಮಳೆಯನ್ನು ತೆಗೆಯಬೇಕು. ಈ ಊರಿನ ಬಗ್ಗೆ ಏನು ಬರೆಯಹೊರಟರೂ ಅದು ಕೇಳದೆ ಒಳಗೆ ಬರುತ್ತದೆ. ಮೆಟ್ಟಿಲು ಮಾತ್ರ ನಿಜವಿರಬೇಕು. ಆ ತಿಂಗಳುಗಳಲ್ಲಿ ನಾನು ಎಲ್ಲ ಮೆಟ್ಟಿಲುಗಳ ಮೇಲೂ ಕೂರುತ್ತಿದ್ದೆ.

ನನಗೆ ಬಂದದ್ದು ಕೋವಿಡ್. ಅಷ್ಟು ಹೊತ್ತಿಗೆ ಅದು ಯಾರನ್ನೂ ಹೆದರಿಸದ ಹೆಸರಾಗಿತ್ತು. ಶಾಖೆಯಲ್ಲಿ ಇನ್ನಿಬ್ಬರಿಗೂ ಬಂದಿತ್ತು, ಅವರು ವಾರದೊಳಗೆ ಕೌಂಟರಿಗೆ ಮರಳಿದರು. ನಾನೂ ಮರಳಿದೆ. ಜ್ವರ ಬಿಟ್ಟಿತ್ತು, ಕೆಮ್ಮಿರಲಿಲ್ಲ, ತೋರಿಸಲು ಏನೂ ಇರಲಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂರುತ್ತಿದ್ದೆ. ತೋಳು ತೂರಿಸುವುದಕ್ಕೆ ಮೊದಲು ಸುಧಾರಿಸಿಕೊಳ್ಳಬೇಕಿತ್ತು. ಎದ್ದು ನಿಂತರೆ ಎದೆ ಡವಗುಟ್ಟುತ್ತಿತ್ತು. ಕೊಬ್ಬರಿ ಎಣ್ಣೆಯ ವಾಸನೆ ಸುಟ್ಟ ರಬ್ಬರಿನಂತಾಗಿತ್ತು. ಕೇರಳದಲ್ಲಿ ಕೊಬ್ಬರಿ ಎಣ್ಣೆಯಿಂದ ತಪ್ಪಿಸಿಕೊಂಡು ಹೋಗುವುದೆಲ್ಲಿಗೆ? ಬಾಳೆಹಣ್ಣು, ಬ್ರೆಡ್ಡು ತಿಂದುಕೊಂಡಿದ್ದೆ.

ಇವನ್ನೆಲ್ಲ ಯಾರಿಗಾದರೂ ಹೇಳಬಹುದಿತ್ತು. ಹೇಳಲು ಬಾರದ್ದು ಇನ್ನೊಂದಿತ್ತು. ನನ್ನ ಮಲಯಾಳ ಹಿಂದೆ ಬಿದ್ದಿತ್ತು.

ಮರೆತಿರಲಿಲ್ಲ. ಮಾತು ಕಿವಿಗೆ ಬೀಳುತ್ತಿತ್ತು, ಅರ್ಥ ಆಮೇಲೆ ಬರುತ್ತಿತ್ತು. ಅಷ್ಟರಲ್ಲಿ ಎದುರಿನವರು ಮುಂದಿನ ಮಾತಿನಲ್ಲಿರುತ್ತಿದ್ದರು. ಕನ್ನಡಕ್ಕೆ ಏನೂ ಆಗಿರಲಿಲ್ಲ. ಇಂಗ್ಲಿಷ್ ಕಡತದಲ್ಲಿ ನಿಂತಲ್ಲೇ ನಿಂತಿರುತ್ತದೆ, ನಿಧಾನವಾಗಿ ಓದಬಹುದು. ಮಲಯಾಳ ನಾನು ವರ್ಗವಾಗಿ ಈ ರಾಜ್ಯಕ್ಕೆ ಬಂದ ಮೇಲೆ ಕೌಂಟರಿನಲ್ಲಿ ಗ್ರಾಹಕರ ಬಾಯಿಂದ ಕಲಿತದ್ದು. ಕೊನೆಗೆ ಬಂದದ್ದು ಮೊದಲು ಸಡಿಲವಾಯಿತು ಎಂದುಕೊಂಡೆ. ಅದು ವೈದ್ಯರ ಮಾತಲ್ಲ, ನನ್ನದೇ. ವೈದ್ಯರು ಹೇಳಿದ್ದು, “ಮಾರುಂ ಸಾರೇ, ಸಮಯಂ ಎಡುಕ್ಕುಂ.” ವಾಸಿಯಾಗುತ್ತದೆ, ಸಮಯ ಹಿಡಿಯುತ್ತದೆ ಎಂದು. ಅದು ನನಗೆ ತಿಳಿದದ್ದು ಕೆಳಗಿಳಿದು ಔಷಧದಂಗಡಿಯ ಮುಂದೆ ನಿಂತಾಗ.

ಚಾಲೈಯ ಒಣಮೆಣಸಿನ ಸಗಟು ವ್ಯಾಪಾರಿಯೊಬ್ಬರು, ವರ್ಷಗಳಿಂದ ನನ್ನೊಡನೆ ಹರಟುತ್ತ ಬಂದವರು, ಒಂದು ದಿನ ಮಾತು ನಿಲ್ಲಿಸಿ ನನ್ನ ಮುಖ ನೋಡಿದರು.

“ಎಂದಾ ಸಾರೇ, ಹಿಂದಿಕ್ಕಾರನ್ ಆಯೋ?”

ಏನು ಸಾರ್, ಹಿಂದಿಯವನಾಗಿಬಿಟ್ಟಿರಾ ಎಂದು. ಉತ್ತರದ ಕಡೆಯಿಂದ ಕೂಲಿಗೆ ಬಂದ, ಇಲ್ಲಿನ ಮಾತು ತಿಳಿಯದ ಹುಡುಗರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಸಾಲಿನಲ್ಲಿದ್ದವರು ನಕ್ಕರು. ಅವರೆಲ್ಲ ನಕ್ಕು ಮುಗಿಸಿದ ಮೇಲೆ ನಾನೂ ನಕ್ಕೆ.

ಆಗ ನಾನೊಂದು ಉಪಾಯ ಕಂಡುಕೊಂಡೆ. ಯಾರು ಏನೇ ಹೇಳಿದರೂ “ಶರಿ” ಎನ್ನುವುದು, ಸ್ವಲ್ಪ ಬಿಟ್ಟು “ನನ್ನಾಯಿ” ಎನ್ನುವುದು. ಸರಿ, ಒಳ್ಳೆಯದಾಯಿತು. ಮುಕ್ಕಾಲು ಪಾಲು ಮಾತುಕತೆಗೆ ಇಷ್ಟು ಸಾಕಾಗುತ್ತದೆ. ಜನ ಉತ್ತರಕ್ಕಾಗಿ ಮಾತಾಡುವುದು ಕಡಿಮೆ. ಮಗಳು ಮಾತ್ರ ಉತ್ತರಕ್ಕಾಗಿ ಮಾತಾಡುತ್ತಿದ್ದಳು.

ನಮ್ಮ ಮನೆಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ಹೆಂಡತಿ, ಮಗಳು ಇರುವುದು ಕೊಚ್ಚಿಯ ಕಾಕ್ಕನಾಡಿನ ಫ್ಲ್ಯಾಟಿನಲ್ಲಿ. ಹೆಂಡತಿಗೆ ಅಲ್ಲಿನ ಐಟಿ ಪಾರ್ಕಿನಲ್ಲಿ ಕೆಲಸ. ನಾನು ಶುಕ್ರವಾರ ಸಂಜೆಯ ರೈಲಿಗೆ ಹೋಗಿ ಭಾನುವಾರ ಹಿಂದಿರುಗುವವನು. ನಾವಿಬ್ಬರೂ ಧಾರವಾಡದ ಕಡೆಯವರು. ಮಗಳೊಡನೆ ಕನ್ನಡದಲ್ಲೇ ಮಾತಾಡುತ್ತೇವೆ, ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಅವಳ ಉತ್ತರದಲ್ಲಿ ಕನ್ನಡವೆಂದರೆ ಮೊದಲಿನ “ಅಪ್ಪಾ” ಒಂದೇ. ಇದು ಎಂದು ಶುರುವಾಯಿತೋ ಗೊತ್ತಿಲ್ಲ. ಕೊನೆಕೊನೆಗೆ ಯಾರೂ ಅದನ್ನು ಗಮನಿಸುತ್ತಲೂ ಇರಲಿಲ್ಲ. ಊರಿಂದ ಬಂದ ನೆಂಟರು ಮಾತ್ರ ನಮ್ಮ ಬಾಯನ್ನೊಮ್ಮೆ ಅವಳ ಬಾಯನ್ನೊಮ್ಮೆ ನೋಡುತ್ತಿದ್ದರು. ಜಗಳ, ಲೆಕ್ಕದ ಪಾಠ, ಹಬ್ಬದ ಬಟ್ಟೆ, ಎಲ್ಲವೂ ಹೀಗೆಯೇ ನಡೆದಿತ್ತು.

ಸಂಜೆ ಅವಳು ಶಾಲೆಯ ಬಸ್ಸಿಳಿದು ಫ್ಲ್ಯಾಟಿಗೆ ನಡೆಯುತ್ತ ನನಗೆ ಫೋನ್ ಮಾಡುತ್ತಿದ್ದಳು. ಅಂದು ಶಾಲೆಯಲ್ಲಿ ನಡೆದದ್ದನ್ನೆಲ್ಲ ಉಸಿರು ಬಿಡದೆ ಹೇಳುತ್ತಿದ್ದಳು. ಲಿಫ್ಟಿನೊಳಗೆ ಹೋದರೆ ಸಿಗ್ನಲ್ ತಪ್ಪಿ ಕರೆ ತಾನಾಗಿ ಮುಗಿಯುತ್ತಿತ್ತು. ಹಾಗಾಗಿ ನಾವು ಫೋನ್ ಇಡುತ್ತೇನೆಂದು ಯಾವತ್ತೂ ಹೇಳಿದವರಲ್ಲ.

ಕಾಯಿಲೆಯ ನಂತರವೂ ಅವಳು ಫೋನ್ ಮಾಡುತ್ತಿದ್ದಳು. ಮುಖ ಕಾಣದ ಮಲಯಾಳ ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಅವಳ ದನಿ ಓಡುತ್ತಿತ್ತು. ನಾನು ಶರಿ ಎನ್ನುತ್ತಿದ್ದೆ, ನನ್ನಾಯಿ ಎನ್ನುತ್ತಿದ್ದೆ. ಇನ್ನೊಮ್ಮೆ ಹೇಳು ಎಂದು ಏಕೆ ಕೇಳಲಿಲ್ಲ? ಮೊದಮೊದಲು ಕೇಳಿದ್ದೆ ಎಂದು ನನ್ನ ನೆನಪು. ಕೇಳಲೇ ಇಲ್ಲ ಎಂದು ಅವಳ ನೆನಪು. ಅವಳದ್ದನ್ನೇ ಇಟ್ಟುಕೊಳ್ಳಿ, ಅವಳಿಗೆ ಜ್ವರ ಬಂದಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಕಾಕ್ಕನಾಡಿನಲ್ಲಿ ಹೆಂಡತಿ ಚಹಾ ತಂದಿಟ್ಟು ಎದುರಿಗೆ ಕೂತಳು. ಮಗಳು ಟ್ಯೂಷನ್ನಿಗೆ ಹೋಗಿದ್ದಳು.

“ರೀ, ನಿಮ್ಮ ಮಗಳು ನನ್ನನ್ನ ಹುಲಿ ಬಾಯಾಗ ಕೊಟ್ಟಾಳ. ನೀವು ಛಲೋ ಆತು ಅಂದ್ರಿ.”

“ಯಾವ ಹುಲಿ?”

“ಮೊನ್ನೆ ಫೋನಿನ್ಯಾಗ. ಅವತ್ತ ಸ್ಪೀಕರ್ ಹಾಕಿ ಮನಿಯಿಂದ ಮಾಡಿದ್ಲು, ನಾ ಬಾಜೂಕೇ ಇದ್ದೆ. ಅಮ್ಮಯೆ ಪುಲಿ ಪಿಡಿಚ್ಚು ಅಂದ್ಲು. ನೀವು, ಶರಿ, ನನ್ನಾಯಿ ಅಂದ್ರಿ.”

ಅಮ್ಮನನ್ನು ಹುಲಿ ಹಿಡಿಯಿತು. ಕನ್ನಡ ಬಲ್ಲ ಯಾರಿಗೂ ತಿಳಿಯುವಂಥ ಮಾತು. ನಾನು ನಕ್ಕೆ. ಅವಳು ನಗಲಿಲ್ಲ.

“ಸುಮ್ಮನ ಚಾಷ್ಟಿಗೆ ಅಂದದ್ದಲ್ಲ ಅದು. ನೀವು ಕೇಳಸ್ಕೊಳ್ತೀರೋ ಇಲ್ಲೋ ನೋಡಾಕ ಅಂದಿದ್ದು. ಹಿಂದಿನ ದಿನ ಅಕಿ ನಿಮಗೊಂದು ಹೇಳಿದ್ಲು. ಅದಕ್ಕೂ ನನ್ನಾಯಿ ಅಂದಿದ್ರಿ.”

“ಏನು ಹೇಳಿದ್ಲು?”

“ಅಕೀನ್ನ ಕೇಳ್ರಿ. ನನ್ನ ಕಡೆ ಆಣಿ ಹಾಕಿಸ್ಕೊಂಡಾಳ.”

“ಅಳುವಂಥಾದ್ದೇನು?”

“ಅತ್ತಿದ್ಲು. ಈಗ ಅಳೂದಿಲ್ಲ.” ಅವಳು ನನ್ನ ಬಟ್ಟಲನ್ನು ಎತ್ತಿಕೊಂಡಳು. “ನನಗಿಂತ ಮೊದಲು ನಿಮಗ ಹೇಳಿದ್ಲು ನೋಡ್ರಿ. ಅದಕ್ಕ ಅಕಿಗೆ ಭಾಳ ಹತ್ತೇತಿ.”

ಮಗಳು ಹೇಳುವ ಪ್ರಕಾರ ಹುಲಿ ಲಿಫ್ಟಿನಲ್ಲಿತ್ತು, ಅಮ್ಮನನ್ನು ಅದು ಮುಟ್ಟಿರಲಿಲ್ಲ. ಎರಡರಲ್ಲೂ ನನ್ನ ಉತ್ತರ ಒಂದೇ.

ಹುಲಿಯ ನಂತರ ಸಂಜೆಯ ಕರೆ ನಿಲ್ಲಲಿಲ್ಲ. ನಿಂತಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತೇನೋ, ಆದರೆ ಅದು ಸುಳ್ಳು. ಕೆಲವು ದಿನ ಅವಳು ಇಂಗ್ಲಿಷಿನಲ್ಲಿ ಮಾತಾಡಿದಳು. ಶಾಲೆಯ ಇಂಗ್ಲಿಷು, ಆಫೀಸಿನ ಇಂಗ್ಲಿಷು. ಅಪ್ಪ ಮಗಳು ರಜೆ ಕೇಳಿ ರಜೆ ಮಂಜೂರು ಮಾಡಿದಂತಿರುತ್ತಿತ್ತು. ಆಮೇಲೆ ಒಂದು ದಿನ ಅವಳು ಕನ್ನಡದಲ್ಲಿ ಶುರುಮಾಡಿದಳು.

“ಅಪ್ಪಾ, ಊಟ ಆತೇನ?”

ಎಷ್ಟೋ ವರ್ಷ ನಾನೂ ಹೆಂಡತಿಯೂ ಅದಕ್ಕಾಗಿ ಕಾದಿದ್ದೆವು. ಮಗಳಿಗೆ ಬೈದಿದ್ದೆವು, ಊರಿನ ನೆಂಟರ ಮುಂದೆ ನಾಚಿದ್ದೆವು, ಬೇಸಿಗೆ ರಜೆಗೆ ಧಾರವಾಡಕ್ಕೆ ಕಳಿಸಿದ್ದೆವು. ಆಗ ಬಾರದ ಕನ್ನಡ ಈಗ ಬಂದಿತ್ತು. ಒಂದೊಂದೇ ಪದ, ಬಿಡಿಸಿ, ಸ್ವಲ್ಪ ಗಟ್ಟಿಯಾಗಿ, ಕಿವಿ ಮಂದವಾದವರಿಗೆ ಹೇಳುವಂತೆ. ಗುಳಿಗಿ ತೊಗೊಂಡೀ? ಬಿಸಿಲಾಗ ಹೋಗಬ್ಯಾಡ. ಮಲ್ಕೋ ಅಪ್ಪಾ. ಎಲ್ಲವೂ ಹೆಂಡತಿ ನನಗೆ ಹೇಳುತ್ತಿದ್ದ ಮಾತುಗಳು. ಅವಳ ಕನ್ನಡದಲ್ಲಿ ಊಟವಿತ್ತು, ನಿದ್ದೆಯಿತ್ತು, ಮಾತ್ರೆಯಿತ್ತು. ಶಾಲೆ ಇರಲಿಲ್ಲ. ಗೆಳತಿಯರು ಇರಲಿಲ್ಲ. ಹಾಗೆಯೇ ಅಂದು ನನಗೆ ಹೇಳಿದ್ದು, ಅದೇನಿದ್ದರೂ, ಅದಕ್ಕೆ ಬೇಕಾದ ಒಂದು ಪದವೂ ಅದರಲ್ಲಿರಲಿಲ್ಲ.

ವೈದ್ಯರು ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. ಕೊಬ್ಬರಿ ಎಣ್ಣೆ ಇನ್ನೂ ಸುಟ್ಟೇ ಇದೆ, ತಂಪಾನೂರು ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ನಡುವೆ ನಿಲ್ಲುತ್ತೇನೆ, ಹಿಂದಿನಿಂದ ಬರುವವರು ಗೊಣಗಿಕೊಂಡು ದಾಟಿ ಹೋಗುತ್ತಾರೆ. ಮಲಯಾಳ ಮಾತ್ರ ಮೆಲ್ಲಗೆ ಹತ್ತಿರ ಬಂತು. ಮೊದಲು ಮೆಣಸಿನ ವ್ಯಾಪಾರಿಯದು, ಆಮೇಲೆ ಬಸ್ ಕಂಡಕ್ಟರರದು. ಈಗ ನಿಧಾನವಾಗಿ ಮಾತಾಡಿದರೆ ಹೆಚ್ಚುಕಡಿಮೆ ಜೊತೆಗೇ ಬರುತ್ತದೆ.

ಕಳೆದ ವಾರ ಕಾಕ್ಕನಾಡಿಗೆ ಹೋಗುವಾಗ ರೈಲಿನಲ್ಲಿ ಒಂದು ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಂಡೆ. ಅವಳಿಗೆ ಉತ್ತರಿಸಲು ಸುಲಭವಾಗಲೆಂದು ಮಲಯಾಳದಲ್ಲೇ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಬಾಲ್ಕನಿಯಲ್ಲಿ ಒಣಗಿದ ಯೂನಿಫಾರ್ಮ್ ತೆಗೆಯುತ್ತಿದ್ದಳು. ಕೆಳಗೆ ಕಂಪನಿಯ ಕ್ಯಾಬುಗಳು ಬಿಸಿಲಿಗೆ ನಿಂತಿದ್ದವು. ನಾನು ಬಾಗಿಲಿಗೆ ಒರಗಿ ಕೇಳಿದೆ. “ಅನ್ನ್ ನೀ ಎನ್ನೋಡ್ ಎಂದಾ ಪರಞ್ಞದ್?” ಅಂದು ನೀನು ನನಗೆ ಏನು ಹೇಳಿದ್ದೆ?

ಅವಳು ಕ್ಲಿಪ್ಪುಗಳನ್ನು ಬಾಯಿಯಲ್ಲಿ ಕಚ್ಚಿಕೊಂಡಿದ್ದಳು. ಒಂದೊಂದಾಗಿ ತೆಗೆದು ಹಗ್ಗಕ್ಕೆ ಸಿಕ್ಕಿಸಿದಳು.

“ಯಾವತ್ತ?” ಎಂದಳು, ಕನ್ನಡದಲ್ಲಿ.

“ಪುಲಿ ಬರುನ್ನದಿನ್ ಮುನ್ಬ್.” ಹುಲಿ ಬರುವ ಮೊದಲು.

ಅವಳಿಗೆ ನಗು ಬಂತು. ನಕ್ಕಳು ಕೂಡ. ಅವಳ ಬಾಯಿ ಏನೋ ಹೇಳಲು ತೆರೆಯಿತು, ಅದು ಕನ್ನಡವಲ್ಲ ಎಂದು ನನಗೆ ಖಚಿತವಾಗಿತ್ತು. ಅಷ್ಟರಲ್ಲಿ ನನ್ನ ಎದೆ ಹೊಡೆದುಕೊಳ್ಳತೊಡಗಿ ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ಬಹಳ ಹೊತ್ತು ನಿಂತದ್ದೇ ತಪ್ಪಾಗಿತ್ತು. ಅವಳು ಬಟ್ಟೆಯನ್ನು ಕೆಳಗೆ ಹಾಕಿ ನನ್ನ ಮೊಣಕೈ ಹಿಡಿದಳು. ಅವಳ ತಾಯಿ ಹಿಡಿಯುವಂತೆಯೇ, ಒಳಬದಿಯಿಂದ.

“ಅದು ಮುಗದ ಹೋತಪ್ಪಾ. ಬಾ, ಮಲ್ಕೋ.”

“ಮೋಳೇ, ಪರ,” ಎಂದೆ. ಮಗಳೇ, ಹೇಳು.

“ಆಮ್ಯಾಲ. ಮೊದಲ ಗುಳಿಗಿ ತೊಗೊ.”

ಮಲಗಿದೆ. ಪರದೆ ಎಳೆದು ಹೋದಳು. ಸ್ವಲ್ಪ ಹೊತ್ತಿಗೆ ಆಚೆ ಕೋಣೆಯಿಂದ ಅವಳು ತಾಯಿಗೆ ಏನೋ ಹೇಳುವುದು ಕೇಳಿಸಿತು. ಮಲಯಾಳದಲ್ಲಿ, ಮೊದಲಿನ ಓಟದಲ್ಲಿ, ನಡುನಡುವೆ ನಗುತ್ತ. ಕಣ್ಣು ಮುಚ್ಚಿ ಕಿವಿಗೊಟ್ಟೆ. ಒಂದು ಪದ ಬಂತು, ಇನ್ನೊಂದು ಬಂತು. ಅವೆರಡನ್ನೂ ಕೂಡಿಸಿಕೊಳ್ಳುವಷ್ಟರಲ್ಲಿ ಹೆಂಡತಿ ಕನ್ನಡದಲ್ಲಿ, “ಸಾವಕಾಶ ಮಾತಾಡವಾ, ಅಪ್ಪ ಮಲಗ್ಯಾರ,” ಎಂದಳು. ಆಮೇಲೆ ಕೇಳಿಸಲಿಲ್ಲ.