ಆಂಜಿನಮ್ಮ ಬಿಚ್ಚದ ಹೊಲಿಗೆ

ಚಿಂತಾಮಣಿಯ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಈಗ ಮೊಬೈಲ್ ಅಂಗಡಿ ಇರುವ ಜಾಗದಲ್ಲಿ, ಆಂಜಿನಮ್ಮನ ಹೊಲಿಗೆ ಅಂಗಡಿ ಇತ್ತು. ಕಣ್ಣು ಮಂಜಾದ ಮೇಲೆ ಆಕೆ ಮುರುಗಮಲ್ಲದ ಮಗಳ ಮನೆ ಸೇರಿಕೊಂಡಳು. ಇವತ್ತಿಗೂ ಆ ಗಲ್ಲಿಗೆ ಹೋದರೆ ನನಗೆ ಮೊಬೈಲ್ ಅಂಗಡಿಯವನ ಮೇಲೆ ಸಿಟ್ಟು ಬರುತ್ತದೆ. ಅವನದೇನು ತಪ್ಪು, ಪಾಪ.

ಆಂಜಿನಮ್ಮನಿಗೆ ಎದೆಯ ಕ್ಯಾನ್ಸರ್ ಆಗಿ ಒಂದು ಕಡೆ ತೆಗೆದಿದ್ದರು. ಆಕೆ ತನ್ನ ರವಿಕೆಯೊಳಗೆ ಬೂರುಗದ ಹತ್ತಿಯ ಮೆತ್ತೆ ಇಟ್ಟುಕೊಂಡು, ಅದು ಮೇಲಕ್ಕೆ ಜಾರದಿರಲೆಂದು ತೂಕಕ್ಕೆ ಒಂದು ಹಿಡಿ ರಾಗಿ ತುಂಬಿದಳು. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಶಿಡ್ಲಘಟ್ಟ, ಗೌರಿಬಿದನೂರಿನಿಂದಲೂ ಅದೇ ಆಪರೇಷನ್ ಆದ ಹೆಂಗಸರು ಅಂಥದೇ ರವಿಕೆ ಹೊಲಿಸಿಕೊಳ್ಳಲು ಬರತೊಡಗಿದರು. ಒಬ್ಬಾಕೆ ಮೆತ್ತೆ ತೆಗೆಯದೆ ರವಿಕೆ ನೆನೆಹಾಕಿ ಮರೆತು, ಒಳಗಿನ ರಾಗಿಯೆಲ್ಲ ಮೊಳೆತುಬಿಟ್ಟಿತ್ತು. ಅದನ್ನು ಹೇಳಿಕೊಂಡು ಪರದೆಯ ಹಿಂದೆ ಅವರೆಲ್ಲ ನಗುತ್ತಿದ್ದ ನಗುವನ್ನು ಇನ್ನೊಮ್ಮೆ ಕೇಳಬೇಕೆಂದು ಎಷ್ಟು ಆಸೆಯಾಗುತ್ತದೆ.

ಅಳತೆ ಬರೀ ನೆಪ. ತಲೆನೋವು ಬಂದರೆ ಕಾಯಿಲೆ ತಲೆಗೇರಿತೇ, ಸೊಂಟ ಹಿಡಿದರೆ ಮೂಳೆಗಿಳಿಯಿತೇ ಎಂದು ಒಳಗೊಳಗೇ ಹೆದರುತ್ತಿದ್ದವರು ಅವರು. ಮನೆಯಲ್ಲಿ ಹೇಳಿಕೊಂಡರೆ ವಾಸಿಯಾಯಿತಲ್ಲ, ಇನ್ನೇನು ಅನ್ನುತ್ತಿದ್ದರು. ಆಂಜಿನಮ್ಮ ಹಾಗನ್ನುತ್ತಿರಲಿಲ್ಲ. ಏನೂ ಆಗಲ್ಲ ಎಂದು ಸಮಾಧಾನವನ್ನೂ ಮಾಡುತ್ತಿರಲಿಲ್ಲ. ಪೂರ್ತಿ ಕೇಳಿಸಿಕೊಂಡು, ಚೆಕಪ್ ಯಾವಾಗ ಎಂದು ವಿಚಾರಿಸಿ, ತೋರಿಸಿಕೊಂಡು ಬರುವ ತನಕ ರವಿಕೆ ಕೊಡುವುದಿಲ್ಲ ಎಂದುಬಿಡುತ್ತಿದ್ದಳು.

ನಮ್ಮಕ್ಕ ತನುಜಳಿಗೂ ಅದೇ ಆಪರೇಷನ್ ಆಗಿ ವರ್ಷ ಕಳೆದಿತ್ತು. ಒಂದು ದಿನ ಎಡಗೈ ಊದಿಕೊಂಡು ರವಿಕೆಯ ತೋಳಿನೊಳಗೆ ಹೋಗಲೇ ಇಲ್ಲ. ಕಾಯಿಲೆ ತಿರುಗಿ ಬಂತೆಂದು ಅವಳೇ ತೀರ್ಮಾನ ಮಾಡಿದಳು. ಆಸ್ಪತ್ರೆಗೆ ಹೋಗಲು ಎಷ್ಟು ಹೇಳಿದರೂ ಒಪ್ಪಲಿಲ್ಲ; ಗೊತ್ತಾಗುವುದೇ ಬೇಡ ಎಂದಳು. ನನ್ನನ್ನು ಕರೆದುಕೊಂಡು ಆಂಜಿನಮ್ಮನ ಹತ್ತಿರ ಹೋದಳು, ತೋಳಿನ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಲು!

ಆಂಜಿನಮ್ಮ ಎರಡೂ ತೋಳಿನ ಅಳತೆ ತೆಗೆದು, ಟೇಪನ್ನು ಕೊರಳಿಗೆ ಹಾಕಿಕೊಂಡು, ರವಿಕೆಯನ್ನು ಅಕ್ಕನ ಕೈಗೇ ವಾಪಸ್ ಕೊಟ್ಟಳು.

"ಬಿಚ್ಚಲ್ಲ ಕಣಮ್ಮ. ನಾನಿದನ್ನ ಸಡಿಲ ಮಾಡಿಕೊಟ್ರೆ ನೀನು ಆಸ್ಪತ್ರೆ ಕಡೆ ತಲೆ ಹಾಕಲ್ಲ."

ಅಕ್ಕನಿಗೆ ರೇಗಿಹೋಯಿತು. ನಿನ್ನದು ಕಲ್ಲೆದೆ, ನಿನಗೇನು ಗೊತ್ತು ಭಯ ಎಂದಳು. ಆಂಜಿನಮ್ಮ ತಿರುಗಿ ಬೈಯಲಿಲ್ಲ. ತಾನೂ ಜೊತೆಗೆ ಬರುವುದಾಗಿ ಹೇಳಿದಳು. ಎರಡು ದಿನ ಬಿಟ್ಟು ಬೆಳಗಿನ ಬಸ್ಸಿಗೆ ಮೂವರೂ ಬೆಂಗಳೂರಿಗೆ ಹೊರಟೆವು. ದಾರಿಯುದ್ದಕ್ಕೂ ಆಂಜಿನಮ್ಮ ಮುಂದಿನ ಸೀಟಿನಾಕೆಯ ರವಿಕೆಯ ಬೆನ್ನು ನೋಡಿ, ಅದನ್ನು ಹೊಲಿದವರನ್ನು ಪಿಸುಮಾತಿನಲ್ಲಿ ಶಪಿಸುತ್ತಿದ್ದಳು. ಹೊಸಕೋಟೆ ಬರುವಷ್ಟರಲ್ಲಿ ಅಕ್ಕನಿಗೂ ನಗು ಬಂತು.

ಡಾಕ್ಟರು ಕೈ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು. ಕಾಯಿಲೆ ಮರಳಿರಲಿಲ್ಲ. ಕಂಕುಳಿನ ಗ್ರಂಥಿ ತೆಗೆದವರಿಗೆ ನೀರು ತುಂಬಿ ಹೀಗೆ ಊದುವುದುಂಟು, ಪಟ್ಟಿ ಕಟ್ಟಿ ವ್ಯಾಯಾಮ ಮಾಡಿದರೆ ತಗ್ಗುತ್ತದೆ, ತಡಮಾಡದೆ ಬಂದಿದ್ದು ಒಳ್ಳೆಯದಾಯಿತು ಎಂದರು. ಅಕ್ಕ ಹೊರಗೆ ಬಂದು ಗೋಡೆಗೆ ಒರಗಿ ಅತ್ತಳು. ನಾನೂ ಅತ್ತೆ. ಆಮೇಲೆ ಮಧ್ಯಾಹ್ನದ ಬಸ್ಸು ಸಿಗುತ್ತದೆ, ಹೊರಡೋಣ ಎಂದು ಚೀಲ ಎತ್ತಿಕೊಂಡೆ.

ಆಂಜಿನಮ್ಮ ಬೆಂಚಿನಿಂದ ಏಳಲಿಲ್ಲ. ಎಲ್ಲರನ್ನೂ ಗದರಿಸಿ ಆಸ್ಪತ್ರೆಗೆ ಕಳಿಸುತ್ತಿದ್ದವಳು ಅಕ್ಕನ ಸೆರಗು ಹಿಡಿದು ಜಗ್ಗಿದಳು.

"ನಾಕೂ ಭಯಮೇ ಕಣೇ ತನುಜಮ್ಮ, ನಂಗೂ ಭಯ. ಮೂರು ವರ್ಷದಿಂದ ನಾನು ತೋರಿಸ್ಕೊಂಡೇ ಇಲ್ಲ."

ಅಕ್ಕ ಕಣ್ಣೊರೆಸಿಕೊಂಡು ಅವಳ ಪಕ್ಕ ಕೂತಳು. ಚೀಟಿ ಮಾಡಿಸಲು ನನ್ನನ್ನು ಓಡಿಸಿದಳು. ಆಂಜಿನಮ್ಮನ ಹೆಸರು ಕೂಗಿದಾಗ ಸಂಜೆಯಾಗಿತ್ತು. ಅಲ್ಲಿಯವರೆಗೂ ಅಕ್ಕ ಅವಳ ಕೈ ಬಿಡಲಿಲ್ಲ; ಒಳಗೂ ಅವಳೇ ಕರೆದುಕೊಂಡು ಹೋದಳು.